ಸಿಂಗಳೀಕ ತಿಂದ ಕೊಬ್ಬರಿ

ಸಿರಿ, ಪವನ, ಮನುಷ್ಯರ ಮೇಲೆ ಹೊಟ್ಟೆಕಿಚ್ಚು ಪಡುವವರನ್ನು ನೀವು ನೋಡಿರುತ್ತೀರಿ. ನಿಮ್ಮ ಅಜ್ಜಿ ಒಂದು ಲಾಡ್ಜಿನ ಮೇಲೆ ಪಟ್ಟಳು. ಬಾಯಲ್ಲಿ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಬೇಸಿಗೆ ರಜೆಗೆ ಹಂದನಕೆರೆಗೆ ಬರಬೇಕಾದ ನಿಮ್ಮನ್ನು ನಿಮ್ಮಪ್ಪ ಬೆಟ್ಟದ ಮೇಲಿನ ರಾಷ್ಟ್ರೀಯ ಉದ್ಯಾನದ ಆ ಪರಿಸರಸ್ನೇಹಿ ಲಾಡ್ಜಿಗೆ ಹೊರಡಿಸಿದ. ನನ್ನನ್ನೂ ಕಾರು ಹತ್ತಿಸಿಕೊಂಡ. ಹೋಗಿ ನೋಡಿದರೆ ಅಲ್ಲಿರುವುದೆಲ್ಲ ನಮ್ಮ ಮನೆಯದೇ! ನಮ್ಮ ಮಣ್ಣಿನ ಗೋಡೆಗೆ ಒರಗಿದರೆ "ಅಜ್ಜೀ, ಅಂಗಿಗೆಲ್ಲ ಮಣ್ಣು" ಎನ್ನುವ ಪವನ ಅಲ್ಲಿಯ ಮಣ್ಣಿನ ಗೋಡೆ ತಬ್ಬಿಕೊಂಡು ಫೋಟೊ ತೆಗೆಸಿಕೊಂಡ. ಮೈ ಉಜ್ಜಲು ನಾನು ತೆಂಗಿನ ನಾರು ಕೊಟ್ಟರೆ ಕಿರುಚುವ ಸಿರಿ ಅಲ್ಲಿಯ ನಾರನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಂಡಳು. ಮುದ್ದೆಯನ್ನಂತೂ ಕೇಳಿ ಹಾಕಿಸಿಕೊಂಡಿರಿ. ನನ್ನ ಮುದ್ದೆ ಏನು ಪಾಪ ಮಾಡಿತ್ತೋ! ಅಷ್ಟಾದರೂ ತಡೆದುಕೊಂಡೆ. "ಮುಂದಿನ ರಜೆಗೂ ಇಲ್ಲಿಗೇ ಬರೋಣ ಅಪ್ಪ" ಎಂದಿರಲ್ಲ, ಅದನ್ನು ಮಾತ್ರ ತಡೆಯಲಾಗಲಿಲ್ಲ. ನಿಮ್ಮ ತಾತ ಹೋದ ಮೇಲೆ ನಾನು ಕಾಯುವುದು ಅದೊಂದೇ ರಜೆಗೆ.

ಮಾರನೆಯ ಬೆಳಿಗ್ಗೆ ನೀವೆಲ್ಲ ಗೈಡಿನ ಹಿಂದೆ ಸಿಂಗಳೀಕ ನೋಡಲು ಹೋದಿರಿ. ಅಪರೂಪದ ಕೋತಿಯಂತೆ, ಉಸಿರು ಬಿಗಿಹಿಡಿದು ನಡೆಯಬೇಕಂತೆ. ನಾನು ಗದರಿದರೂ ಸುಮ್ಮನಾಗದವರು ಕೋತಿಗಾಗಿ ಬೆಕ್ಕಿನ ಹೆಜ್ಜೆ ಇಟ್ಟಿರಿ. ಇತ್ತ ನಾನು ನಿಮಗೆಂದು ತಂದಿದ್ದ ಕೊಬ್ಬರಿ ಮಂಜಿನ ತಂಡಿಗೆ ಬೂಷ್ಟು ಹಿಡಿಯುವ ಹಾಗಿತ್ತು. ಬಿಸಿಲು ಕಂಡರೆ ಕೊಬ್ಬರಿ ಹರವದೆ ಇರಲು ನಮ್ಮ ಕಡೆಯ ಹೆಂಗಸರಿಂದ ಆದೀತೇ? ಜಗಲಿಯ ಮೇಲೆ ಟವೆಲು ಹಾಸಿ ಹರವಿ, ಪಕ್ಕದಲ್ಲಿ ಕುಳಿತೆ.

ಬಂತು. ಕಪ್ಪು ಮುಖ, ಸುತ್ತ ಬಿಳಿ ಕೇಸರ, ಬಾಲದ ತುದಿಗೆ ಕುಚ್ಚು. ನಮ್ಮೂರ ಶಾನುಭೋಗರ ಗತ್ತಿನಲ್ಲಿ ಕುಳಿತು ಒಂದು ಹೋಳು ಎತ್ತಿಕೊಂಡಿತು.

"ಏಯ್, ಬುಡ್ಲಾ! ಮೊಮ್ಮಕ್ಕಳಿಗೆ ತಂದಿದ್ದು ಕಣ್ಲಾ ಅದು!"

ನನ್ನನ್ನೇ ನೋಡುತ್ತ ಪೂರ್ತಿ ತಿಂದು ಮರ ಹತ್ತಿತು.

ನೀವು ಒಂದು ಸಿಂಗಳೀಕವೂ ಕಾಣದೆ ಜೋಲುಮುಖ ಹಾಕಿಕೊಂಡು ಬಂದಿರಿ. "ಇಲ್ಲೇ ಬಂದಿತ್ತು ಕಣ್ರೋ" ಎಂದೆ. ಸಿರಿ ನಂಬಲಿಲ್ಲ. ಗೈಡು ಮಾತ್ರ ಜಗಲಿಯ ಮೇಲಿನ ಚೂರು ನೋಡಿ ನಂಬಿದ.

"ಅಜ್ಜೀ, ಕಾಡುಪ್ರಾಣಿಗೆ ತಿಂಡಿ ಸಿಗೋ ಹಾಗೆ ಇಡಬಾರದು. ಒಂದ್ಸಲ ರುಚಿ ಹತ್ತಿದ್ರೆ ತನ್ನ ಜಾಗ ಬಿಟ್ಟು ಇಲ್ಲಿಗೇ ಬರೋಕೆ ಶುರು ಮಾಡ್ತವೆ."

ಹೊಸಬರ ಮುಂದೆ ಬಾಯಿ ಬಿಡದ ನಾನು ಅಂದು ಬಿಟ್ಟೆ: "ನಿಜ ಕಣಪ್ಪ. ನಮ್ಮನೇವು ಎರಡಕ್ಕೆ ಆಗ್ಲೇ ಹತ್ತೈತೆ."

ನಿಮ್ಮಪ್ಪ ಮುಖ ಆ ಕಡೆ ತಿರುಗಿಸಿಕೊಂಡು ನಕ್ಕ. ವಾಪಸು ಬರುವಾಗ ದಾರಿಯುದ್ದಕ್ಕೂ ನೀವಿಬ್ಬರೂ ನನ್ನ ಮೇಲೆ ಮುನಿಸಿಕೊಂಡಿದ್ದಿರಿ. ಅಜ್ಜಿಗೆ ಕಂಡಿದ್ದು ನಿಮಗೆ ಕಾಣಲಿಲ್ಲವೆಂಬ ಹೊಟ್ಟೆಕಿಚ್ಚು! ನನಗೆ ಹಾಲು ಕುಡಿದಷ್ಟು ಸಂತೋಷ. ತಿಪಟೂರು ದಾಟುವ ಹೊತ್ತಿಗೆ ಪವನ ತಡೆಯಲಾರದೆ, "ಅದು ಹೆಂಗೆ ತಿಂತು, ಮಾಡಿ ತೋರ್ಸಜ್ಜಿ" ಎಂದ. "ರಜಕ್ಕೆ ಹಂದನಕೆರೆಗೆ ಬಾ, ತೋರಿಸ್ತೀನಿ" ಎಂದೆ. ಬರುತ್ತೇನೆ ಅಂದಿದ್ದಾನೆ. ನಿಮ್ಮ ಅಂಗಿಗೆ ಮಣ್ಣಾಗದಿರಲೆಂದು ನಮ್ಮ ಮಣ್ಣಿನ ಗೋಡೆಗೆ ಟೈಲ್ಸ್ ಹಾಕಲು ನಾನು ಹೇಳಿದ್ದ ಗಾರೆಯವನಿಗೆ ಬರಬೇಡವೆಂದು ಹೇಳಿ ಕಳಿಸಿದ್ದೇನೆ.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ ಮಕ್ಕಳೇ. ಆ ಲಾಡ್ಜಿಗೆ ಮಾತ್ರ ಒಯ್ಯಬೇಡಿ. ನಮ್ಮ ಮನೆಯದೆಂದರೆ ಇದನ್ನೂ ಗೋಡೆಗೆ ಅಂಟಿಸಿಕೊಂಡಾರು.