ಅಲಸಂದಿ ನಾಯಿಯ ಠರಾವು

ಇನ್ನೊಬ್ಬರ ಹೊಟ್ಟೆಗೆ ಸೂಜಿ ಚುಚ್ಚುವಾಗ ಧೈರ್ಯ ಹೇಳುವುದು ಬಹಳ ಸುಲಭದ ಕೆಲಸ. ಸರ್ಕಾರಿ ದವಾಖಾನೆಯಲ್ಲಿ ಕಂಪೌಂಡರನಾಗಿ ಕಳೆದ ನನ್ನ ಅರ್ಧ ಆಯುಷ್ಯದಲ್ಲಿ ನಾನು ಹಂಚಿದ ಔಷಧಕ್ಕಿಂತ ಹಂಚಿದ ಧೈರ್ಯವೇ ಹೆಚ್ಚು. ಔಷಧ ಆಗಾಗ ತೀರಿಹೋಗುತ್ತಿತ್ತು, ಧೈರ್ಯ ಮಾತ್ರ ಎಂದೂ ತೀರಿದ್ದಿಲ್ಲ. ಅದರಲ್ಲೂ ನಾಯಿ ಕಚ್ಚಿಸಿಕೊಂಡು ಬಂದವರೆಂದರೆ ನನಗೆ ವಿಶೇಷ ಉತ್ಸಾಹ. ಆಗ ನಾಯಿ ಕಡಿತಕ್ಕೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್, ದಿನಕ್ಕೊಂದು. ಎಂಥ ಪೈಲವಾನನೂ ಮೊದಲ ದಿನ ಅಂಗಿ ಎತ್ತುವಾಗ ನನ್ನ ಕೈ ಹಿಡಿದುಕೊಳ್ಳುತ್ತಿದ್ದ. "ಏನೂ ಆಗೂದಿಲ್ಲೋ ಮಾರಾಯ, ಅತ್ಲಾಗ ನೋಡು" ಎಂದು ನಾನು ಅವನ ಮುಖವನ್ನು ಕಿಟಕಿಯ ಕಡೆ ತಿರುಗಿಸಿ ನನ್ನ ಕೆಲಸ ಮುಗಿಸುತ್ತಿದ್ದೆ. ಆ ಕಿಟಕಿಯಿಂದ ಏನು ಕಾಣುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಹಾಸಿಗೆಯ ಆ ಮಗ್ಗುಲಲ್ಲಿ ನಾನು ಯಾವತ್ತೂ ಮಲಗಿರಲಿಲ್ಲವಲ್ಲ.

ಊರು ಅಫಜಲಪುರ ತಾಲ್ಲೂಕಿನದು. ಘತ್ತರಗಿ ಭಾಗ್ಯವಂತಿಯ ಗುಡಿಗೆ ಹೋಗುವ ಬಸ್ಸುಗಳು ಚಹಾಕ್ಕೆ ನಿಲ್ಲುವಷ್ಟು ದೊಡ್ಡದು. ಹೆಸರು ಹೇಳಲಾರೆ, ಈ ಕತೆಯಲ್ಲಿ ಬರುವವರಲ್ಲಿ ಕೆಲವರು ಇನ್ನೂ ಅಲ್ಲೇ ಇದ್ದಾರೆ, ನನಗೂ ಆಗಾಗ ಆ ದಾರಿಯಲ್ಲೇ ಹೋಗಬೇಕು. ಅದು ಮಂಡಲ ಪಂಚಾಯತಿಗಳ ಕಾಲ. ನಮ್ಮ ಮಂಡಲದ ಪ್ರಧಾನರು ಗುರುಲಿಂಗಪ್ಪನವರು ಒಳ್ಳೆಯ ಮನುಷ್ಯ. ಸಿಟ್ಟು ಬೇಗ ಬರುತ್ತಿತ್ತು, ಬೇಗ ಹೋಗುತ್ತಿತ್ತು. ಆದರೆ ಬಂದು ಹೋಗುವ ನಡುವೆ ಅವರೊಂದು ಠರಾವು ಮಾಡಿಬಿಡುತ್ತಿದ್ದರು.

ಆ ವರ್ಷ ಭೀಮಾ ನದಿಯ ನೀರೆತ್ತುವ ಕೆಲಸಕ್ಕೆಂದು ಮೈಸೂರು ಕಡೆಯ ಒಬ್ಬ ಇಂಜಿನಿಯರು ಬಂದರು. ಜೊತೆಗೆ ಹೆಂಡತಿ ವನಮಾಲಾ ಮೇಡಂ, ಮತ್ತು ಟೈಗರ್ ಎಂಬ ಅಲ್ಸೇಶನ್ ನಾಯಿ. ಅಂಥ ನಾಯಿಯನ್ನು ಊರು ಕಂಡಿರಲಿಲ್ಲ. ಕುಳಿತರೇ ನಮ್ಮ ಸೊಂಟದೆತ್ತರ, ನಾಲಿಗೆ ಒಂದು ಗೇಣು. ಅದರ ಜಾತಿಯ ಹೆಸರು ಬಾಯಿಂದ ಬಾಯಿಗೆ ಹೋಗುತ್ತ ಹೋಗುತ್ತ ಅಲಸಂದಿ ನಾಯಿ ಎಂದಾಯಿತು. ಹೊಲದ ಅಲಸಂದಿ ಕಾಳಿಗೂ ಆ ನಾಯಿಗೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ. ಇಂಜಿನಿಯರು ತಿಂಗಳಿಗೆ ಇಪ್ಪತ್ತು ದಿನ ಕ್ಯಾಂಪಿನಲ್ಲಿರುತ್ತಿದ್ದರು. ಊರಂಚಿನ ಆ ಕ್ವಾರ್ಟರ್ಸಿನಲ್ಲಿ ಮೇಡಂಗೆ ಮಾತಿಗೂ ಕಾವಲಿಗೂ ಆ ನಾಯಿಯೇ ಗತಿ.

ಒಂದು ದಿನ ನಲ್ಲಿ ಪೈಪಿನ ವಿಚಾರ ಮಾತಾಡಲು ಪ್ರಧಾನರು ಇಂಜಿನಿಯರ ಮನೆಗೆ ಹೋದರು. ಬಾಗಿಲು ತೆರೆದದ್ದೇ ಟೈಗರ್ ಎರಡು ಮುಂಗಾಲನ್ನೂ ಅವರ ಹೆಗಲ ಮೇಲಿಟ್ಟು ಮುಖವನ್ನು ಗಲ್ಲದಿಂದ ಹಣೆಯ ತನಕ ಒಂದೇ ಸಲಕ್ಕೆ ನೆಕ್ಕಿತು. ಕಚ್ಚಲಿಲ್ಲ, ಬೊಗಳಲೂ ಇಲ್ಲ. ಆದರೆ ಪ್ರಧಾನರ ಬಿಳಿ ಟೋಪಿ ಕೆಳಗೆ ಬಿತ್ತು, ನಾಯಿ ಅದರ ಮೇಲೆ ನಿಂತಿತು, ಮತ್ತು ಇಷ್ಟನ್ನೂ ರಸ್ತೆಯಲ್ಲಿ ಹೋಗುತ್ತಿದ್ದ ಮೂರು ಜನ ನೋಡಿದರು. ಕಚ್ಚಿದ್ದರೆ ಪ್ರಧಾನರು ಕ್ಷಮಿಸುತ್ತಿದ್ದರೋ ಏನೋ, ಆ ಮೂರು ಜನ ನಕ್ಕದ್ದನ್ನು ಮಾತ್ರ ಕ್ಷಮಿಸಲಿಲ್ಲ.

ಮರುವಾರದ ಸಭೆಗೆ ಠರಾವು ತಯಾರಾಗಿತ್ತು. ಅಲ್ಸೇಶನ್, ಡಾಬರ್‌ಮನ್, ಬುಲ್‌ಡಾಗ್ ಮುಂತಾದ ಪರದೇಶಿ ಜಾತಿಯ ನಾಯಿಗಳನ್ನು ಮಂಡಲದ ಹದ್ದಿನೊಳಗೆ ಯಾರೂ ಸಾಕತಕ್ಕದ್ದಲ್ಲ. ನಾಯಿ ಕಡಿತದ ರಿಜಿಸ್ಟರು ಬರೆಯುವವನು ನಾನಾದ್ದರಿಂದ ತಜ್ಞನೆಂದು ನನಗೂ ಬುಲಾವು ಬಂತು. ತಜ್ಞ ಎಂದು ನನ್ನನ್ನು ಅದಕ್ಕೆ ಮೊದಲು ಯಾರೂ ಕರೆದಿರಲಿಲ್ಲ. ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಹೋದೆ.

"ಪರದೇಶದಾಗೂ ಇಂಥಾ ನಾಯಿಗೋಳ ಮ್ಯಾಲೆ ಕಾಯ್ದೆ ಮಾಡ್ಯಾರಂತ, ಪೇಪರ್‌ನಾಗ ಬಂದದ" ಎಂದು ಪ್ರಧಾನರು ಆರಂಭಿಸಿದರು. "ಅವರ ನಾಯಿ ಅವರಿಗೇ ಬ್ಯಾಡಾಗ್ಯಾವ, ನಮಗ್ಯಾಕ ಬೇಕ್ರಿ?"

ಸದಸ್ಯೆ ಸಿದ್ದಮ್ಮ ಸೆರಗು ಸರಿಮಾಡಿಕೊಂಡು ಕೇಳಿದರು: "ಪರದೇಶಿ ಅಂದ್ರ ಹಿಂದಿಲ್ಲ ಮುಂದಿಲ್ಲ ಅನ್ನೋರಲ್ಲೇನ್ರಿ? ಬಸ್‌ಸ್ಟ್ಯಾಂಡಿನಾಗ ಮಲಗೋ ನಾಯಿಗೋಳೆಲ್ಲ ಪರದೇಶಿನೇ. ಅವನ್ನ ಯಾರು ಸಾಕ್ಯಾರಂತ ಬ್ಯಾಡಂತೀರಿ?"

ಅದು ಆ ಅರ್ಥದ ಪರದೇಶಿಯಲ್ಲ ಎಂದು ಸೆಕ್ರೆಟರಿ ತಿಳಿಸಿ ಹೇಳುವಷ್ಟರಲ್ಲಿ ಇನ್ನೊಬ್ಬ ಸದಸ್ಯ ಬೀರಪ್ಪ ಎದ್ದು ನಿಂತ. ಅವನಿಗೆ ಇನ್ನೂರು ಕುರಿ, ಕುರಿ ಕಾಯಲು ನಾಲ್ಕು ನಾಯಿ. "ಅಲಸಂದಿ ತಿಳೀತ್ರಿ, ಬುಲ್‌ಡಾಗ್ ನಾ ನೋಡಿಲ್ಲ, ಹೋಗ್ಲಿ. ಈ ಮುಂತಾದ ಅಂದ್ರ ಯಾವ ನಾಯಿರಿ? ಇವತ್ತ ಅದರದ್ದಂತೀರಿ, ನಾಳೆ ನನ್ನ ನಾಯಿನೂ ಮುಂತಾದದರಾಗ ಹಾಕ್ತೀರಿ!"

ಎಲ್ಲರೂ ತಜ್ಞನ ಕಡೆ ನೋಡಿದರು. ನನಗೆ ನಾಯಿಗಳ ಬಗ್ಗೆ ಗೊತ್ತಿದ್ದದ್ದು ಕಚ್ಚಿದ ಮೇಲಿನ ಭಾಗ ಮಾತ್ರ. ಆದರೂ ಗಂಟಲು ಸರಿಮಾಡಿಕೊಂಡು, ತಂಪು ದೇಶದ ನಾಯಿಗಳಿಗೆ ನಮ್ಮ ಕಡೆಯ ಬಿಸಿಲಿನಲ್ಲಿ ರಕ್ತ ಕುದಿಯುತ್ತದೆಂದೂ, ರಕ್ತ ಕುದ್ದ ಮೇಲೆ ಅವಕ್ಕೆ ಮನುಷ್ಯರ ಗುರುತು ಸಿಕ್ಕುವುದಿಲ್ಲವೆಂದೂ ಹೇಳಿದೆ. ಇದು ಎಲ್ಲಿಂದ ಬಂತೆಂದು ಇವತ್ತಿಗೂ ನನಗೆ ತಿಳಿದಿಲ್ಲ. ಸಭೆ ಮಾತ್ರ ಗಂಭೀರವಾಗಿ ತಲೆಯಾಡಿಸಿತು. ತಜ್ಞರ ಅಭಿಪ್ರಾಯ ಬರವಣಿಗೆಯಲ್ಲಿ ಬರಲಿ, ಮುಂದಿನ ಸಭೆಯಲ್ಲಿ ಮಂಜೂರು ಮಾಡೋಣ ಎಂದಾಯಿತು.

ನಾಲ್ಕು ದಿನ ಕಷ್ಟಪಟ್ಟು ಎರಡು ಪುಟ ಬರೆದೆ. ಬೆಳಿಗ್ಗೆ ದವಾಖಾನೆಗೆ ಹೋಗುವ ಮೊದಲು ಅದನ್ನು ಕೊಡಲು ಪ್ರಧಾನರ ಮನೆಗೆ ಹೋದೆ. ಪಡಸಾಲೆಯಲ್ಲಿ ಕುರ್ಚಿ ಕೊಟ್ಟರು. ಕುಳಿತು, ಕಾಗದ ಬಿಡಿಸಿ, "ಪರದೇಶಿ ನಾಯಿಗಳ ಸ್ವಭಾವವು" ಎಂದು ಓದಲು ಶುರು ಮಾಡಿದೆನೋ ಇಲ್ಲವೋ, ಕುರ್ಚಿಯ ಕೆಳಗಿನಿಂದ ಏನೋ ಒಂದು ನನ್ನ ಮೀನಖಂಡವನ್ನು ಹಿಡಿದುಕೊಂಡಿತು. ಹೌಹಾರಿ ಕಾಲು ಎತ್ತಿದರೆ ಕಾಲಿನ ಜೊತೆಗೇ ಮೇಲೆ ಬಂದದ್ದು ಪಿಂಕಿ. ಪ್ರಧಾನರ ಮಗಳು ಸೊಲ್ಲಾಪುರದಿಂದ ತಂದುಕೊಟ್ಟ ಪಾಮೇರಿಯನ್ ನಾಯಿ. ಬಿಳಿ ಕೂದಲಿನ, ಹತ್ತಿಯ ಉಂಡೆಯಂಥ, ಹೊದಿಕೆಯೊಳಗೆ ಮಲಗುವ ಪಿಂಕಿ. ಅದೂ ಪರದೇಶಿ ಜಾತಿಯೇ ಎಂಬುದು ಆ ಕ್ಷಣದ ತನಕ ನನಗಾಗಲಿ ಪ್ರಧಾನರಿಗಾಗಲಿ ಹೊಳೆದಿರಲಿಲ್ಲ.

ಪ್ರಧಾನರ ಹೆಂಡತಿ ಶಾಂತಾಬಾಯಿ ಓಡಿ ಬಂದು ಪಿಂಕಿಯನ್ನು ಬಿಡಿಸಿ ಎದೆಗವಚಿಕೊಂಡು, "ಅಯ್ಯ, ಹೆದರ್‍ಯಾಳ್ರಿ ನಮ್ಮ ಪಿಂಕಿ" ಎಂದರು. ಪ್ರಧಾನರು ನನ್ನ ಕಾಲು ನೋಡಿದರು, ಕೈಯಲ್ಲಿದ್ದ ಕಾಗದ ನೋಡಿದರು, ಬಾಗಿಲು ಮುಂದೆ ಮಾಡಿದರು.

"ಕಂಪೌಂಡರ್ ಸಾಹೇಬ್ರ, ನಿಮ್ಮ ಕೈ ಮುಗೀತೇನಿ. ಠರಾವು ತಂದಾಂವನ ಮನಿ ನಾಯಿನೇ ಠರಾವು ಬರದಾಂವಗ ಕಚ್ಚೇದಂದ್ರ ನನ್ನ ಇಜ್ಜತ್ ಏನುಳೀತದ? ಯಾವುದರ ಬೀದಿ ನಾಯಿ ಅಂತ ಬರಕೊಂಡುಬಿಡ್ರಿ."

ಊರಿನ ಪ್ರಧಾನ ನನ್ನಂಥವನಿಗೆ ಕೈ ಮುಗಿಯುವುದೆಂದರೇನು! ಅದರ ಮೇಲೆ ಶಾಂತಾಬಾಯಿಯವರು ತಟ್ಟೆಯಲ್ಲಿ ಎರಡು ಶೇಂಗಾ ಹೋಳಿಗೆ ಇಟ್ಟರು, ತುಪ್ಪ ಹಾಕಿದರು. ನಾನು ಕರಗಿಹೋದೆ. "ಫಿಕರ್ ಮಾಡಬ್ಯಾಡ್ರಿ" ಎಂದು ಹೋಳಿಗೆ ಮುಗಿಸಿ, ಕುಂಟುತ್ತ ದವಾಖಾನೆಗೆ ಬಂದೆ.

ನಮ್ಮ ಡಾಕ್ಟರು ಗಾಯ ತೊಳೆಸಿ, ಯಾವ ನಾಯಿ ಎಂದು ಕೇಳಿದರು.

"ಬೀದಿ ನಾಯಿ ಸಾರ್."

"ಈಗ ಎಲ್ಲಿದೆ?"

"ಓಡಿಹೋಯ್ತು ಸಾರ್, ಗುರ್ತು ಸಿಗೂದಿಲ್ಲ."

"ಹಾಗಿದ್ದರೆ ಹದಿನಾಲ್ಕು" ಎಂದು ಅವರು ಚೀಟಿ ಬರೆದೇಬಿಟ್ಟರು.

ಆಗ ನನಗೆ ತಲೆಯೊಳಗೆ ಗಂಟೆ ಹೊಡೆದಂತಾಯಿತು. ಸಾಕಿದ ನಾಯಿಯಾಗಿದ್ದರೆ ಡಾಕ್ಟರು ಹತ್ತು ದಿನ ಅದರ ಮೇಲೆ ಕಣ್ಣಿಡಲು ಹೇಳುತ್ತಿದ್ದರು. ನಾಯಿ ಆರಾಮವಾಗಿದ್ದರೆ ಮನುಷ್ಯನೂ ಆರಾಮ. ಈ ಮಾತನ್ನು ನಾನೇ ನೂರಾರು ಜನರಿಗೆ ಹೇಳಿ ಮನೆಗೆ ಕಳಿಸಿದ್ದೆ. ಕಂಡು ಹಿಡಿಯಲಾಗದ ನಾಯಿಗೆ ಮಾತ್ರ ಪೂರ್ತಿ ಕೋರ್ಸು. ನಾಯಿ ಎಲ್ಲಿದೆಯೆಂದು ನನಗೆ ಗೊತ್ತು, ಅದು ಆ ಹೊತ್ತಿಗೆ ಏನು ತಿನ್ನುತ್ತಿರಬಹುದೆಂದೂ ಗೊತ್ತು. ಹೇಳುವ ಹಾಗಿಲ್ಲ. ರಿಜಿಸ್ಟರಿನಲ್ಲಿ ನನ್ನ ಕೈಯಾರೆ ನನ್ನ ಹೆಸರಿನ ಮುಂದೆ ಬೀದಿ ನಾಯಿ ಎಂದು ಬರೆದು, ಹಾಸಿಗೆಯ ಆ ಮಗ್ಗುಲಲ್ಲಿ ಮಲಗಿದೆ. ಸುಭದ್ರಾ ಸಿಸ್ಟರ್ ಸಿರಿಂಜು ಹಿಡಿದು ಬಂದು ಕೇಳಿದರು: "ಯಾಕ್ರಿ ಸಾಹೇಬ್ರ, ಅಂಗಿ ಬಿಗಿ ಹಿಡಕೊಂಡೀರಿ? ಬಿಡ್ರಿ."

ದಿನಾ ಬೆಳಿಗ್ಗೆ ಪ್ರಧಾನರ ಮನೆಯ ಮುಂದಿನಿಂದಲೇ ಚುಚ್ಚಿಸಿಕೊಳ್ಳಲು ಹೋಗಬೇಕು. ಪಿಂಕಿ ಕಟ್ಟೆಯ ಮೇಲೆ ನಿಂತು ನನ್ನನ್ನು ಕಂಡು ಬೊಗಳುವುದು. ಅದರ ಆರೋಗ್ಯ ಕಂಡು ಅಷ್ಟು ಹೊಟ್ಟೆ ಉರಿದುಕೊಂಡವನು ಊರಲ್ಲಿ ನಾನೊಬ್ಬನೇ ಇರಬೇಕು. ಉರಿಯುವುದಕ್ಕೆ ಹೊಟ್ಟೆಯಲ್ಲಿ ಬೇರೆ ಕಾರಣವೂ ಇತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ನನ್ನ ಹೆಂಡತಿ ನೀಲಮ್ಮ ನಲ್ಲಿಯ ಹತ್ತಿರ, ನಮ್ಮವರಿಗೆ ನಾಯಿ ಕಚ್ಚಿದೆ ಎಂದು ಹೇಳಿದಳು. ಯಾವ ನಾಯಿ ಎಂದು ನೆರೆಯವರು ಕೇಳಿದರೆ ಅವಳಿಗೇ ಗೊತ್ತಿಲ್ಲ. ನನ್ನನ್ನು ಕೇಳಿದಾಗ "ಸುಮ್ಮ ಕೂಡು, ಅದೆಲ್ಲ ನಿನಗ್ಯಾಕ" ಎಂದುಬಿಟ್ಟಿದ್ದೆ. ಹೆಸರು ಹೇಳಲು ಗಂಡ ಹೆದರುತ್ತಾನೆಂದರೆ ಅದು ದೊಡ್ಡ ಸಾಹೇಬರ ನಾಯಿಯೇ ಇರಬೇಕೆಂದು ನಲ್ಲಿಯ ಹತ್ತಿರ ತೀರ್ಮಾನವಾಯಿತು. ಸಂಜೆಯೊಳಗೆ ಊರೆಲ್ಲ ಒಂದೇ ಸುದ್ದಿ: ಅಲಸಂದಿ ನಾಯಿ ಕಂಪೌಂಡರನನ್ನು ಹರಿದು ಹಾಕಿತಂತೆ.

ಆರನೆಯ ದಿನ ವನಮಾಲಾ ಮೇಡಂ ದವಾಖಾನೆಗೆ ಬಂದರು. ಕಣ್ಣು ಕೆಂಪಗಿದ್ದವು. "ನಿಜ ಹೇಳಿ, ನಮ್ಮ ಟೈಗರ್ ನಿಮ್ಮನ್ನ ಕಚ್ಚಿದ್ನಾ? ನಾನವನನ್ನ ಗೇಟಿನಿಂದ ಆಚೆ ಬಿಟ್ಟೇ ಇಲ್ಲ. ಆದ್ರೂ ನೀವು ಹೌದು ಅಂದ್ರೆ ನಾಳೆನೇ ಮೈಸೂರಿಗೆ ಕಳಿಸ್ಬಿಡ್ತೀನಿ."

"ಇಲ್ಲ ಮೇಡಂ, ಅದಲ್ಲ. ಬ್ಯಾರೆ ನಾಯಿ."

"ಹಾಗಾದ್ರೆ ಅಷ್ಟನ್ನ ಮೀಟಿಂಗಲ್ಲಿ ಹೇಳಿ ಸಾಕು. ಆ ಮನೇಲಿ ಅವನಿಲ್ದೆ ಒಬ್ಬಳೇ ಇರೋದು ನನ್ನ ಕೈಲಾಗಲ್ಲ."

ಖಂಡಿತ ಹೇಳುತ್ತೇನೆಂದೆ. ಆಕೆ ಹೋದ ಮೇಲೆ ಅಂದಿನ ಸೂಜಿ ಎಂದಿಗಿಂತ ಹೆಚ್ಚು ನೋಯಿತು.

ಹತ್ತನೆಯ ಇಂಜೆಕ್ಷನ್ ಆದ ದಿನವೇ ಸಭೆ. ಪಂಚಾಯತಿ ಕಚೇರಿಯ ಬಾಗಿಲು ಕಿಟಕಿಗಳಲ್ಲೆಲ್ಲ ಜನ. ಸೆಕ್ರೆಟರಿ ನನ್ನ ಎರಡು ಪುಟವನ್ನು ಓದಿದರು. ಕುದಿಯುವ ರಕ್ತದ ಭಾಗಕ್ಕೆ ಬಂದಾಗ ಜನ ನನ್ನ ಕಾಲಿನತ್ತ ಕರುಣೆಯಿಂದ ನೋಡಿದರು. "ಇನ್ನೇನು ಪುರಾವೆ ಬೇಕ್ರಿ?" ಎಂದು ಯಾರೋ ಹಿಂದಿನಿಂದ ಕೂಗಿದರು. ಪ್ರಧಾನರು ಮೇಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸುತ್ತ ಕುಳಿತರು. ಇದೇ ಹೊತ್ತು, ಎದ್ದು ಹೇಳಬೇಕು ಎಂದುಕೊಂಡೆ. ಒಳಗೊಳಗೇ ಎರಡು ಸಲ ಎದ್ದೆ. ಹೊರಗೆ ಮಾತ್ರ ಕುಳಿತೇ ಇದ್ದೆ. ಪ್ರಧಾನರ ಮುಗಿದ ಕೈ ಒಂದು ಕಡೆ, ಮೇಡಂ ಅವರ ಕೆಂಪು ಕಣ್ಣು ಇನ್ನೊಂದು ಕಡೆ. ಸೆಕ್ರೆಟರಿ ಮಂಜೂರಾತಿಗೆ ಪೆನ್ನು ತೆಗೆದರು.

"ಜರಾ ತಡೀರಿ" ಎಂದು ಬೀರಪ್ಪ ಎದ್ದ. ನೇರ ನನ್ನ ಮುಂದೆ ಬಂದು ನೆಲಕ್ಕೆ ಕುಳಿತ. "ಸಾಹೇಬ್ರ, ಪ್ಯಾಂಟ್ ಏರಸ್ರಿ ಸ್ವಲ್ಪ."

ಸಭೆಯೆದುರು ಪ್ಯಾಂಟು ಏರಿಸುವ ಪ್ರಸಂಗ ತಜ್ಞನಿಗೆ ಬರಬಾರದು. ಏರಿಸಿದೆ. ಬೀರಪ್ಪ ಗಾಯದ ಗುರುತಿನ ಮೇಲೆ ಬೆರಳಿಟ್ಟು, ಕುರಿಯ ಕಾಲು ನೋಡುವಂತೆ ಆ ಕಡೆ ಈ ಕಡೆ ತಿರುಗಿಸಿ ನೋಡಿದ.

"ನಾ ಹುಟ್ಟಿದಾಗಿಂದ ನಾಯಿ ಜೋಡಿ ಇದ್ದೇನ್ರಿ. ಅಲಸಂದಿ ನಾಯಿ ನಿಂತ್ರ ಅದರ ಬಾಯಿ ಇವರ ಸೊಂಟಕ್ಕ ಬರ್ತದ. ಕಾಲಿನ ಗಂಟಿನ ಮ್ಯಾಲೆ ನಾಕು ಬಟ್ಟು, ಇಲ್ಲಿ ಕಚ್ಚಬೇಕಂದ್ರ ಅದು ಮಲಕೊಂಡು ಕಚ್ಚಬೇಕು. ಹೋಗ್ಲಿ, ಮಲಕೊಂಡೇ ಕಚ್ಚೇದಂತ ತಿಳೀರಿ. ಹಲ್ಲು ನೋಡ್ರಿ, ಎರಡರ ನಡುವ ಒಂದು ಬಟ್ಟು ಸೈತ ಇಲ್ಲ. ಇಷ್ಟು ಸಣ್ಣ ಬಾಯಿ ನನ್ನ ನಾಯಿಗೂ ಇಲ್ಲ, ಬೀದಿ ನಾಯಿಗೂ ಇಲ್ಲ. ಇಂಥಾ ಬಾಯಿ ನಮ್ಮೂರಾಗ ಒಂದೇ ಒಂದದ."

ಅಷ್ಟು ಹೇಳಿ ಅವನು ಧೋತರ ಝಾಡಿಸಿ ಎದ್ದ. ಸಭೆ ಒಂದು ಕ್ಷಣ ಯೋಚಿಸಿತು. ಆಮೇಲೆ ಎಲ್ಲರ ತಲೆಯೂ ಒಟ್ಟಿಗೆ ಪ್ರಧಾನರ ಕಡೆ ತಿರುಗಿ, ಅಲ್ಲಿಂದ ನನ್ನ ಕಡೆ ತಿರುಗಿತು.

"ಖರೇ ಹೇಳ್ರಿ ಸಾಹೇಬ್ರ" ಎಂದರು ಸಿದ್ದಮ್ಮ.

ಪ್ಯಾಂಟು ಮೊಣಕಾಲ ತನಕ ಏರಿಸಿಕೊಂಡು ನಿಂತವನು ಇನ್ನೇನು ಮುಚ್ಚಿಡಬೇಕು? "ಹೌದ್ರಿ" ಎಂದೆ. "ಪಿಂಕಿ."

ಆ ನಗುವಿಗೆ ಹೊರಗೆ ಬೇವಿನ ಮರದ ಮೇಲಿನ ಕಾಗೆಗಳು ಎದ್ದವು. ಬಾಗಿಲಲ್ಲಿದ್ದವರು ರಸ್ತೆಯಲ್ಲಿದ್ದವರಿಗೆ ಹೇಳಿದರು, ರಸ್ತೆಯವರು ಬಸ್ಸಿನವರಿಗೆ ಹೇಳಿದರು. ಸೆಕ್ರೆಟರಿಗೆ ಮಾತ್ರ ಕರ್ತವ್ಯದ ಚಿಂತೆ. "ಪಾಮೇರಿಯನ್ ಅಂತ ಪಟ್ಟಿಯೊಳಗ ಸೇರಿಸ್ಲೇನ್ರಿ?" ಎಂದು ಕೇಳಿದರು. ಪ್ರಧಾನರ ಮುಖ ಮೊದಲು ಕೆಂಪಾಯಿತು, ಆಮೇಲೆ ಸಡಿಲಾಯಿತು, ಕೊನೆಗೆ ಅವರೂ ನಕ್ಕುಬಿಟ್ಟರು. "ಅದನ್ನ ಸೇರಿಸಿದ್ರ ನಾ ಮನಿಗೆ ಹೋಗಂಗಿಲ್ಲೋ ಮಾರಾಯ. ಹರದು ಒಗಿ ಅದನ್ನ." ನಾಯಿ ಯಾವುದೇ ಇರಲಿ, ಊರೊಳಗೆ ಅದನ್ನು ಕಟ್ಟಿ ಸಾಕಬೇಕೆಂದು ಹೊಸ ಠರಾವಾಯಿತು. 'ಊರೊಳಗೆ' ಎಂಬ ಮಾತನ್ನು ಬೀರಪ್ಪ ಮೂರು ಸಲ ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿದ.

ಸುದ್ದಿ ನನಗಿಂತ ಮೊದಲು ದವಾಖಾನೆ ಮುಟ್ಟಿತ್ತು. ಡಾಕ್ಟರು ಬೈಯಲಿಲ್ಲ, ಅದೇ ಹೆಚ್ಚು ನೋಯಿಸಿತು. ಹತ್ತು ದಿನವಾದರೂ ಪಿಂಕಿ ಗಟ್ಟಿಮುಟ್ಟಾಗಿದ್ದದ್ದನ್ನು ವಿಚಾರಿಸಿ ಉಳಿದ ನಾಲ್ಕನ್ನು ನಿಲ್ಲಿಸಿದರು. ಆಮೇಲೆ ರಿಜಿಸ್ಟರನ್ನು ನನ್ನ ಮುಂದೆ ತಳ್ಳಿ, ಬೀದಿ ನಾಯಿ ಎಂಬುದನ್ನು ಹೊಡೆದುಹಾಕಿ ಸರಿಯಾದದ್ದು ಬರೆಯಿರಿ, ಪಕ್ಕದಲ್ಲಿ ಸಹಿ ಮಾಡಿ ಎಂದರು. ಮಾಡಿದೆ.

ಒಂದು ವರ್ಷದ ಮೇಲೆ ಇಂಜಿನಿಯರಿಗೆ ವರ್ಗವಾಯಿತು. ಸಾಮಾನಿನ ಲಾರಿ ಮುಂದೆ ಹೋಗಿ, ಜೀಪು ದವಾಖಾನೆಯ ಮುಂದೆ ನಿಂತಿತು. ಹಿಂದಿನ ಸೀಟಿನಲ್ಲಿ ಟೈಗರ್ ನಾಲಿಗೆ ಹೊರಗೆ ಹಾಕಿ ಕುಳಿತಿತ್ತು. ವನಮಾಲಾ ಮೇಡಂ ಇಳಿದು ಬಂದು ಒಂದು ಡಬ್ಬಿ ಮೈಸೂರು ಪಾಕು ನನ್ನ ಕೈಗಿಟ್ಟರು. ಸಭೆಯ ಸುದ್ದಿ ಅವರಿಗೆ ಊರವರ ಬಾಯಿಂದ ತಲುಪಿತ್ತು. ತಲುಪುವ ದಾರಿಯಲ್ಲಿ ಅದರೊಳಗಿಂದ ಬೀರಪ್ಪ ಇಳಿದುಹೋಗಿದ್ದ, ನನ್ನ ಪ್ಯಾಂಟೂ ಇಳಿದು ಸರಿಯಾಗಿತ್ತು. ಪ್ರಧಾನರ ಎದುರಿಗೇ ಎದ್ದು ನಿಂತು, ಯಾರಿಗೂ ಅಂಜದೆ ನಿಜ ಹೇಳಿದ ಒಬ್ಬ ಕಂಪೌಂಡರ್ ಮಾತ್ರ ಉಳಿದಿದ್ದ.

"ಇಡೀ ಊರಲ್ಲಿ ಧೈರ್ಯಸ್ಥರು ಅಂದ್ರೆ ನೀವೊಬ್ರೇ" ಎಂದರು ಆಕೆ, ಕಣ್ಣು ತುಂಬಿಕೊಂಡು.

"ಹಂಗೇನಿಲ್ರಿ ಮೇಡಂ" ಎಂದೆ.

ಆ ಪ್ರಕರಣದಲ್ಲಿ ನಾನಾಗಿ ನಾನು, ಯಾರೂ ಕೇಳದೆ, ಒತ್ತಾಯ ಮಾಡದೆ ಹೇಳಿದ ಖರೆ ಮಾತು ಅದೊಂದೇ. ಆಕೆ ಅದನ್ನು ವಿನಯವೆಂದುಕೊಂಡು ಕೈ ಮುಗಿದು ಜೀಪು ಹತ್ತಿದರು. ನಾನೂ ತಿದ್ದಲು ಹೋಗಲಿಲ್ಲ.