ಚರಗದ ಬುಟ್ಟಿ ಮತ್ತು ನನ್ನ ಹೊಟ್ಟೆಯ ದಿನಚರಿ

ನನ್ನ ಹೊಟ್ಟೆಯ ಬಗ್ಗೆ ನನಗಿಂತ ಹೆಚ್ಚು ತಿಳಿದವರು ಈ ಸೀಮೆಯಲ್ಲೇ ಇಲ್ಲ ಎಂದು ಈ ಎಳ್ಳಮಾವಾಸ್ಯೆಯವರೆಗೆ ನಂಬಿದ್ದೆ. ನಂಬಿಕೆಗೆ ದಾಖಲೆಯೂ ಇತ್ತು: ನೂರು ಪುಟದ ನೋಟ್‌ಬುಕ್ಕು, ಪ್ರತಿ ಪುಟಕ್ಕೂ ಸ್ಕೇಲು ಹಿಡಿದು ಎಳೆದ ಐದು ಕಾಲಮ್ಮು.

ಚಿತ್ತಾಪುರದಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಒಂದು ಪಾಲಿಶ್ ಘಟಕದಲ್ಲಿ ನಾನು ಕಲ್ಲು ಎಣಿಸುವವನು. ಎಷ್ಟು ಬಂದವು, ಎಷ್ಟು ಹೋದವು, ಎಷ್ಟು ಒಡೆದವು. ಎಣಿಸದೆ ಸುಮ್ಮನಿರುವುದು ನನಗೆ ಬರುವುದಿಲ್ಲ. ಚಳಿ ಶುರುವಾದಾಗ ಹೊಟ್ಟೆ ಹಿಂಡಿ ಹಿಂಡಿ ನೋಯತೊಡಗಿತು. ದಿನಕ್ಕೆ ಐದಾರು ಸಲ ಓಡುವಂತಾಯಿತು. ಸೇಡಂನ ಡಾಕ್ಟರಮ್ಮ ರಕ್ತ, ಮಲ, ಸ್ಕ್ಯಾನು ಎಲ್ಲ ನೋಡಿದರು.

“ಎಲ್ಲಾ ಬರೋಬ್ಬರಿ ಅದರಿ. ಏನು ತಿಂತೀರಿ, ಯಾವಾಗ ತ್ರಾಸಾತು, ಅವತ್ತು ಮತ್ತೇನೇನು ನಡೀತು, ಬರ್ಕೊಂಡು ಬರ್ರಿ.”

ಬರೆಯಲು ಹೇಳಿದ್ದು ಯಾರಿಗೆ! ಅಂದೇ ಕಾಲಮ್ಮು ಎಳೆದೆ. ದಿನಾಂಕ, ತಿಂದದ್ದು, ನೋವು, ಓಟ, ಇತರೆ.

ಡಿಸೆಂಬರ್ ನಾಲ್ಕಕ್ಕೆ ತೊಗರಿಬೇಳೆ ಬಿಟ್ಟೆ. ತೊಗರಿ ಬೆಳೆಯುವ ನಾಡಿನಲ್ಲಿ ಬೇಳೆ ಬಿಟ್ಟವನನ್ನು ಜನ ನೋಡುವ ದೃಷ್ಟಿಯೇ ಬೇರೆ! ನೋವು ಹೋಗಲಿಲ್ಲ. ಎಂಟಕ್ಕೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಬಿಟ್ಟೆ. ಹತ್ತಕ್ಕೆ ಮೆಣಸಿನಕಾಯಿ. ಹದಿಮೂರಕ್ಕೆ ಚಹಾ. ಹದಿನೈದನೆಯ ತಾರೀಖಿಗೆ ತಟ್ಟೆಯಲ್ಲಿ ಉಳಿದದ್ದು ಅನ್ನ, ಮಜ್ಜಿಗೆ. ತಟ್ಟೆಯ ಮುಂದೆ ಉಳಿದದ್ದು ಅರ್ಧ ನಾನು.

“ನಾಳಿಗಿ ಏನ್ ಬಿಡ್ತೀರಿ? ನೀರೋ, ನನ್ನೋ?” ಎಂದಳು ಹೆಂಡತಿ ಸುನೀತಾ.

“ವಿಜ್ಞಾನ ಹಿಂಗೇ ಇರ್ತದ. ಒಂದೊಂದೇ ತೆಗೆದು ನೋಡಬೇಕು.”

“ವಿಜ್ಞಾನ ಇರ್ಲಿ. ಪ್ಯಾಂಟು ಜಾರ್ಲಿಕತ್ತದ, ಮೊದಲ ಅದನ್ನ ಹಿಡ್ಕೋರಿ.”

ಇಲ್ಲಿ ನನ್ನ ಷಡ್ಡಕ ವೀರೇಶನ ವಿಷಯ ಹೇಳಬೇಕು. ಸುನೀತಾಳ ತಂಗಿಯ ಗಂಡ. ಮದುವೆಯಾಗಿ ಎಂಟು ತಿಂಗಳು. ಸರ್ಕಾರಿ ನೌಕರಿ, ಬಿಳಿ ಕಾರು, ತಲೆ ತುಂಬ ಕೂದಲು. ಕೊಡ್ಲಿ ಊರಿನ ನಮ್ಮ ಮಾವ ನನಗೆ ಸೋದರಮಾವನೂ ಹೌದು. ಚಡ್ಡಿ ಹಾಕುವ ಕಾಲದಿಂದ ನನ್ನನ್ನು ಕಂಡವರು. ಹಾಗಾಗಿ ನಾನು ಹೋದರೆ “ಬಂದ್ಯಾ?” ಎನ್ನುತ್ತಾರೆ. ಅವನು ಹೋದರೆ “ಬರ್ರಿ ಬರ್ರಿ, ಕುಂದ್ರಿ, ನೀರ್ ತಗೋರಿ!” ದೀಪಾವಳಿಯ ಊಟದಲ್ಲಿ ಎಣಿಸಿದ್ದೆ. ಅವನಿಗೆ ಹನ್ನೊಂದು “ರಿ”. ನನಗೆ ಒಂದು, ಅದೂ ಬಾಯಿ ತಪ್ಪಿ ಬಂದದ್ದು. ಇದರಿಂದ ನನಗೇನೂ ಬೇಸರವಿಲ್ಲ. ಇಂಥ ಸುದ್ದಿಗಳನ್ನು ಸುಮ್ಮನೆ ‘ಇತರೆ’ ಕಾಲಮ್ಮಿಗೆ ಹಾಕುತ್ತಿದ್ದೆ, ಅಷ್ಟೇ.

ನನಗೆ ಉಳಿದಿದ್ದ ಮರ್ಯಾದೆ ಒಂದೇ: ಚರಗ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಪೂಜೆ ಮುಗಿಸಿ, ಸಜ್ಜೆ ರೊಟ್ಟಿ, ಕಾಳು-ಸೊಪ್ಪು ಬೇಯಿಸಿದ ಭಜ್ಜಿ ಪಲ್ಯ ಕಲಸಿ, ಹೊಲ ಸುತ್ತಿ ಭೂಮಿತಾಯಿಗೆ ಚೆಲ್ಲಬೇಕು. ಮಾವನಿಗೆ ಮೊಣಕಾಲು ನೋವು. ಮೂರು ವರ್ಷದಿಂದ ಚೆಲ್ಲಿದವನು ನಾನು. ಹದಿನಾರನೆಯ ತಾರೀಖು ಅವರ ಫೋನು ಬಂತು.

“ಈ ಸಲ ಚರಗ ಯಾರು ಚೆಲ್ಲಬೇಕಂತ ಹೊಲದಾಗೇ ನೋಡಮು. ವೀರೇಶಪ್ಪೋರೂ ಬರ್ಲಿಕತ್ತಾರ.”

ಅಂದಿನ ಓಟ: ಒಂಬತ್ತು. ತಿಂದದ್ದು: ಮಜ್ಜಿಗೆ. ಮಜ್ಜಿಗೆಯ ಮೇಲೂ ಅನುಮಾನ ಬಂತು!

ಅಮಾವಾಸ್ಯೆಯ ದಿನ ಬೆಳಗಿನಿಂದ ಏನೂ ತಿನ್ನಲಿಲ್ಲ. ತಿನ್ನದಿದ್ದರೆ ನೋವಿಲ್ಲ, ಸರಳ ಗಣಿತ. ಹೊಲದಲ್ಲಿ ಪೂಜೆಯಾಯಿತು. ಮಾವ ಬುಟ್ಟಿ ಎತ್ತಿ ನನ್ನ ಕೈಗೇ ಕೊಟ್ಟರು!

“ತಗೋ ರೇವಣ, ನೀನೇ ಹಿರ್ಯಾವ.”

ನನ್ನ ಎದೆ ಹೊಲದಷ್ಟು ಅಗಲವಾಯಿತು. ವೀರೇಶನ ಕಡೆ ಒಂದು ನೋಟ ಬೀರಿದೆ. ಮಾವನ ಮಾತು ಇನ್ನೂ ಮುಗಿದಿರಲಿಲ್ಲ.

“ವೀರೇಶಪ್ಪೋರ, ನೀವು ಚೆಲ್ಲಕೋತ ನಡೀರಿ. ಇವ ಬುಟ್ಟಿ ಹೊತ್ಕೊಂಡು ಹಿಂದ ಬರ್ತಾನ.”

ಹೊತ್ತುಕೊಂಡು! ಖಾಲಿ ಹೊಟ್ಟೆ ಒಮ್ಮೆಲೇ ಹಗ್ಗ ಹೊಸೆದಂತೆ ತಿರುಚಿತು. ಬುಟ್ಟಿಯನ್ನು ವೀರೇಶನ ಕೈಗೆ ತುರುಕಿ, ಚೊಂಬು ಹಿಡಿದು ಹೊಲದ ಆಚೆ ಮೂಲೆಗೆ ಓಡಿದೆ. ತೊಗರಿ ಆಳೆತ್ತರ ನಿಂತಿತ್ತು. ಭೂಮಿತಾಯಿಯ ದಯೆ!

ಆದರೆ ಚರಗವೆಂದರೆ ಹೊಲ ಸುತ್ತುವುದು. ಸುತ್ತುವವರು ಎಲ್ಲ ಮೂಲೆಗೂ ಬರುತ್ತಾರೆ. ಮೂರು ವರ್ಷ ಚೆಲ್ಲಿದವನಿಗೆ ಇದು ಹೊಳೆಯಲಿಲ್ಲ. “ಹುಲ್ಲುಲ್ಲಿಗೋ!” ಎಂಬ ಚರಗದ ಕೂಗು ಹತ್ತಿರವಾಯಿತು. ಮೊದಲ ಹಿಡಿ ನನ್ನ ತಲೆಗೆ ಬಿತ್ತು. ಎರಡನೆಯದು ಹೆಗಲಿಗೆ. ಭಜ್ಜಿ ಚೆನ್ನಾಗಿ ಬೆಂದಿತ್ತು.

“ಮಾವಾರ, ತೊಗರ್ಯಾಗ ಹಂದಿ ಹೊಕ್ಕದ ನೋಡ್ರಿ!” ಎಂದು ವೀರೇಶ ಚೀರಿದ.

“ಎಲ್ಲ್ಯದ? ಕಲ್ಲು ತಗೋರಿ!” ಎಂದರು ಮಾವ.

“ಹೊಡೀಬ್ಯಾಡ್ರಿ, ನಾ ಇದ್ದೀನಿ!”

“ನಾ ಅಂದ್ರ ಯಾರು?”

“ಹಿರಿ ಅಳಿಯ!”

ಆ ಪದವಿಯನ್ನು ಹೊಲದಲ್ಲಿದ್ದವರೆಲ್ಲ ಕೇಳುವಂತೆ ನಾನು ಘೋಷಿಸಿದ್ದು ಅದೇ ಮೊದಲು.

ಮರುದಿನವೇ ಸುನೀತಾ ನನ್ನನ್ನು ಸೇಡಂಗೆ ಎಳೆದೊಯ್ದಳು. ಡಾಕ್ಟರಮ್ಮ ನೋಟ್‌ಬುಕ್ಕನ್ನು ಪುಟ ಬಿಡದೆ ಓದಿದರು. ಹೊಗಳಿಕೆಗಾಗಿ ಕಾದೆ.

“ಬ್ಯಾಳಿ ತಿಂದಾಗ ಎಷ್ಟು ದಿನ ನೋವಿತ್ತು?”

“ಮೂರು.”

“ಬಿಟ್ಟ ಮ್ಯಾಲ?”

“ಹನ್ನೆರಡು.”

“ಈ ನೋವಿನ ಹದಿನೈದು ದಿನದಾಗ, ‘ಇತರೆ’ ಅಂತ ಬರ್ದೀರಲ್ಲ, ಅಲ್ಲಿ ವೀರೇಶ ಎಷ್ಟು ದಿನ ಬಂದಾನ?”

ಎಣಿಸಿದೆ. ತಪ್ಪಿರಬಹುದೆಂದು ಮತ್ತೆ ಎಣಿಸಿದೆ. ವೀರೇಶನ ಕಾರು, ವೀರೇಶನ ಸ್ಟೇಟಸ್ಸು, ವೀರೇಶ ಮಾವನಿಗೆ ಕೊಡಿಸಿದ ಶಾಲು. ಹದಿನೈದಕ್ಕೆ ಹದಿನೈದು!

“ಅಂದ್ರ ನನ್ನ ನೋವು ಸುಳ್ಳೇನ್ರಿ?”

“ಖರೇನೇ ಅದ. ತಲಿಗೂ ಹೊಟ್ಟಿಗೂ ನಡುವ ನರ ಅವ, ಎರಡೂ ಕಡಿಂದ ಮಾತು ನಡೀತಿರ್ತದ. ಮನಸ್ಸಿಗಿ ತ್ರಾಸಾದ್ರ ಹೊಟ್ಟಿ ಹಿಂಡ್ತದ, ಹೊಟ್ಟಿ ಹಿಂಡಿದ್ರ ಮನಸ್ಸು ಮತ್ತ ಕೆಡ್ತದ. ಇದು ಭಾಳ ಮಂದಿಗಿ ಇರ್ತದ, ನಾಚಿಕಿ ಬ್ಯಾಡ. ಗುಳಿಗಿ ಕೊಡ್ತೀನಿ. ಆಪ್ತಸಮಾಲೋಚಕರ ಜೋಡಿ ಕುಂತು ಮಾತಾಡ್ರಿ. ಬ್ಯಾಳಿ ಉಣ್ರಿ.”

“ಎರಡು ವಾರ ನನ್ನ ಬ್ಯಾಳಿಗಿ ಹೆಸರಿಟ್ರಿ!” ಎಂದು ಸುನೀತಾ ಕೇಸು ಗೆದ್ದವಳಂತೆ ನಿಟ್ಟುಸಿರು ಬಿಟ್ಟಳು.

ದಿನಕ್ಕೆ ಎರಡು ಗುಳಿಗೆಯ ಚೀಟಿ ಹಿಡಿದು ಹಗುರಾಗಿ ಹೊರಬಂದೆ. ಹೊರಗಿನ ಬೆಂಚಿನ ಮೇಲೆ ಸ್ಕ್ಯಾನಿನ ದೊಡ್ಡ ಲಕೋಟೆಯನ್ನು ಮುಖಕ್ಕೆ ಅಡ್ಡ ಹಿಡಿದು ಒಬ್ಬ ಕುಳಿತಿದ್ದ. ಲಕೋಟೆ ಇಳಿಯಿತು. ವೀರೇಶ!

“ಅಣ್ಣಾರ, ಯಾರಿಗೂ ಹೇಳಬ್ಯಾಡ್ರಿ,” ಎಂದ, ಕಣ್ಣು ಕೆಳಗೆ ಹಾಕಿ. “ಲಗ್ನ ಆದಾಗಿಂದ ಇದೇ ಹಾಡು. ಮಾವಾರ ಊರಿಗಿ ಹೋಗಬೇಕಂದ್ರ ಹಿಂದಿನ ದಿನದಿಂದ ಹೊಟ್ಟಿ ಹಿಂಡ್ತದ. ಎಲ್ಲಾರೂ ನನ್ನೇ ನೋಡ್ತಾರ. ಎಲ್ಲಿ ತಪ್ಪು ಮಾಡ್ತೀನೋ ಅಂತ ಅಂಜಿಕಿ.”

ಪಾಪ ಎನಿಸಬೇಕಿತ್ತು. ಎನಿಸಿತು ಕೂಡ, ಸುಮಾರು ನಾಲ್ಕು ಸೆಕೆಂಡು. ಆಮೇಲೆ ನನ್ನ ಬಾಯಿಂದ ಬಂದದ್ದು:

“ದಿನಕ್ಕ ಎಷ್ಟು ಗುಳಿಗಿ ಕೊಟ್ಟಾರ?”

“ಮೂರು.”

ಮೂರು! ಇಲ್ಲೂ ಅವನೇ ಮುಂದೆ! ಸುನೀತಾ ಅಂಗಿ ಹಿಡಿದು ಎಳೆಯುವಷ್ಟರಲ್ಲಿ ನಾನು ಮತ್ತೆ ಒಳಗಿದ್ದೆ.

“ಡಾಕ್ಟರಮ್ಮ, ನನಗ ಎರಡು ಗುಳಿಗಿ ಸಾಲಂಗಿಲ್ಲ ಅನಸ್ತದ್ರಿ.”

ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು.

“ಹೊರಗ ಯಾರು ಕುಂತಾರ್ರಿ?”

ನಾನು ಆಗಲೇ ಬಾಗಿಲ ಹೊರಗೆ ಓಡುತ್ತಿದ್ದೆ. ಆ ಆಸ್ಪತ್ರೆಯ ಪಾಯಖಾನೆ ಎಡಗಡೆಗೆ, ಹದಿನೇಳು ಹೆಜ್ಜೆ.