ನಾನ್‌ಸ್ಟಾಪ್ ಮತ್ತು ಗೌರಿ

ಆಟದಲ್ಲಿ ಸೋಲುವವನನ್ನು ಕಂಡರೆ ಜನರಿಗೆ ಕನಿಕರ ಹುಟ್ಟುತ್ತದೆ. ಬೇಕೆಂದೇ ಸೋಲುವವನನ್ನು ಕಂಡರೆ ಮಾತ್ರ ಮನೆಯವರಿಗೆ ಗಾಬರಿಯಾಗುತ್ತದೆ. ನಮ್ಮ ಮನೆಯಲ್ಲಿ ಈಗ ಆಗಿರುವುದು ಅದೇ. ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ನಾನು ಹಳೆಯ ಕಂಪ್ಯೂಟರಿನ ಮುಂದೆ ಕೂತು, ವಿಚಿತ್ರ ಪ್ರಾಣಿಗಳನ್ನು ಕಾಳಗಕ್ಕೆ ಬಿಡುವ ಒಂದು ಆಟ ಆಡುತ್ತೇನೆ, ಶ್ರದ್ಧೆಯಿಂದ ಸೋಲುತ್ತೇನೆ. ಬಹಳ ದಿನ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೊನ್ನೆಯೊಂದು ಭಾನುವಾರ ಸೊಪ್ಪು ಸೋಸುತ್ತಾ ಬೆನ್ನ ಹಿಂದೆ ಬಂದು ನಿಂತ ನನ್ನ ಹೆಂಡತಿ, "ಅಲ್ರೀ, ಹೊಡಿಯಾಕ ಬರ್ತೈತಿ, ಆದ್ರೂ ಹೊಡಿಯಂಗಿಲ್ಲ. ಸುಮ್ನ ಹೊಡಸ್ಕೊಂತ ಕುಂತೀರಲ್ಲ, ಮೈಯಾಗ ಅರಾಮ್ ಐತೇನು?" ಎಂದಳು. ಸೋಲುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೇನೆ ಎಂದೆ. "ಅದಕ್ಕೂ ರೂಢಿ ಬೇಕೇನ್ರಿ? ನಿಮಗ ಹಂಗ ಬರ್ತೈತಲ್ಲ" ಎನ್ನುತ್ತಾ ಒಳಗೆ ಹೋದಳು. ಕೂಡ್ಲಿಗಿಯ ಕಡೆಯವಳು, ಮಾತನ್ನು ಸುತ್ತಿ ಬಳಸಿ ಆಡಿ ಅಭ್ಯಾಸವಿಲ್ಲ. ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳಿಬಿಡುತ್ತೇನೆ.

ಬಿ.ಕಾಂ. ಮುಗಿಸಿದ ಹೊಸದರಲ್ಲಿ ನಾನು ಕೊಟ್ಟೂರಿನಿಂದ ದಿನಾ ಬಸ್ಸು ಹಿಡಿದು ಹರಪನಹಳ್ಳಿಗೆ ಹೋಗಿ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸ ಮಾಡುತ್ತಿದ್ದೆ. ಸೆಂಟರ್ ಎಂದರೆ ದೊಡ್ಡದೇನಲ್ಲ. ಬಸ್ ನಿಲ್ದಾಣದ ಹಿಂದಿನ ಒಂದು ಮಳಿಗೆ. ಸಾಹುಕಾರರು ಅಸಲಿಗೆ ಮೆಕ್ಕೆಜೋಳದ ವ್ಯಾಪಾರಿ. ಕಾಲ ಬದಲಾಗುತ್ತಿದೆ ಎಂದು ಯಾರೋ ಕಿವಿ ಊದಿದ್ದರಿಂದ, ಬೀಜದ ಚೀಲಗಳನ್ನು ಒಂದು ಗೋಡೆಗೆ ಒತ್ತರಿಸಿ ಎರಡು ಕಂಪ್ಯೂಟರ್ ಇಟ್ಟಿದ್ದರು. ನಮ್ಮ ಮುಖ್ಯ ಕಸುಬು ಲಗ್ನಪತ್ರಿಕೆ. ಅದರಲ್ಲಿ ವಧೂವರರ ಹೆಸರು ಹಾಕುವುದು ಸುಲಭ. ಸುಖಾಗಮನ ಬಯಸುವವರ ಹೆಸರು ಹಾಕುವಾಗ ಬೀಗರಲ್ಲಿ ಬಿರುಕು ಬಿಡುತ್ತಿತ್ತು. ಯಾರ ಚಿಕ್ಕಪ್ಪ ಯಾರ ಮೇಲೆ ಬರಬೇಕು ಎನ್ನುವುದಕ್ಕೆ ನಮ್ಮ ಮಳಿಗೆಯಲ್ಲೇ ಪಂಚಾಯಿತಿ ನಡೆದು, ಒಮ್ಮೆ ಒಂದು ಲಗ್ನವೇ ಮುಂದಕ್ಕೆ ಹೋಯಿತು. ಎಲ್ಲರೂ ಎದ್ದು ಹೋದ ಮೇಲೆ ಉಳಿಯುತ್ತಿದ್ದವರು ನಾನು ಮತ್ತು ಇನ್ನೊಂದು ಕಂಪ್ಯೂಟರಿನ ಹಿಂದಿದ್ದ ಗಿರಿಜಾ.

ಗಿರಿಜಾ ತುಂಗಭದ್ರಾ ದಂಡೆಯ ಮಾಗಳದವಳು. ಟಿ.ಸಿ.ಎಚ್. ಮಾಡಿ, ಮಾಸ್ತರಿಕೆಯ ನೌಕರಿಗೆ ಅರ್ಜಿ ಹಾಕಿ, ಅದು ಬರುವ ತನಕ ಅಕ್ಕನ ಮನೆಯಲ್ಲಿದ್ದು ಟೈಪು ಮಾಡುತ್ತಿದ್ದಳು. ಎರಡು ಕಂಪ್ಯೂಟರುಗಳು ಎದುರುಬದುರಾಗಿದ್ದವು. ಆಗಿನ ಮಾನಿಟರುಗಳೋ, ಒಂದೊಂದೂ ಕಾಳು ತುಂಬುವ ಹಗೇವಿನ ಬಾಯಿ ಮುಚ್ಚುವಷ್ಟು ದೊಡ್ಡವು. ಅದರ ಮೇಲಿನಿಂದ ನನಗೆ ಕಾಣುತ್ತಿದ್ದುದು ಅವಳ ಹಣೆ, ಕುಂಕುಮ, ಎರಡು ಹುಬ್ಬು, ಅಷ್ಟೇ. ಆ ಹಣೆಯನ್ನು ಇವತ್ತಿಗೂ ನಾನು ಸಾವಿರ ಜನರ ನಡುವೆ ಗುರುತಿಸಬಲ್ಲೆ. ಗಲ್ಲದ ವಿಷಯ ಅಷ್ಟು ಖಾತ್ರಿಯಿಲ್ಲ.

ಈ ಆಟವನ್ನು ನಮಗೆ ಹಚ್ಚಿಕೊಟ್ಟವನು ರಫಿ. ಟಿ.ವಿ., ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಅವನು ಕಂಪ್ಯೂಟರಿನ ಹೊಟ್ಟೆಯನ್ನೂ ಬಿಚ್ಚಲು ಕಲಿತಿದ್ದ. ಎಲ್ಲಿಂದಲೋ ತಂದ ಸಿ.ಡಿ.ಯನ್ನು ಎರಡೂ ಕಡೆ ಹಾಕಿ, ನಡುವೆ ಒಂದು ಕೇಬಲ್ ಎಳೆದು, "ಆಡ್ರಿ, ಸಾಹುಕಾರ್ರಿಗೆ ಹೇಳಬ್ಯಾಡ್ರಿ" ಎಂದ. ಆಟ ಸರಳ. ಒಬ್ಬೊಬ್ಬರು ಒಂದೊಂದು ಪ್ರಾಣಿ ಸಾಕಬೇಕು, ಹೆಸರಿಡಬೇಕು, ಕಾಳಗಕ್ಕೆ ಬಿಡಬೇಕು. ಪ್ರತಿ ಸರತಿಗೂ ಇಬ್ಬರೂ ಗುಟ್ಟಾಗಿ ಅಪ್ಪಣೆ ಕೊಡಬೇಕು. ಯಾರ ಪ್ರಾಣಿ ಚುರುಕೋ ಅದು ಮೊದಲು ಹೊಡೆಯುತ್ತದೆ. ಹೊಡೆತದಲ್ಲೂ ಎರಡು ಬಗೆ. ಕೆಲವು ಪ್ರಾಣಿಗಳು ಹತ್ತಿರ ಹೋಗಿ ಗುದ್ದುತ್ತವೆ, ಇನ್ನು ಕೆಲವು ದೂರದಲ್ಲೇ ನಿಂತು ಸಿಡಿಲು, ಬೆಂಕಿ ಬಿಡುತ್ತವೆ. ನನಗೆ ಇದು ಕೂಡಲೇ ಅರ್ಥವಾಯಿತು, ಯಾಕೆಂದರೆ ಎರಡೂ ಬಗೆಯನ್ನು ಮನೆಯಲ್ಲಿ ಕಂಡಿದ್ದೆ. ಅಪ್ಪ ಗುದ್ದುವ ಜಾತಿ. ಹಗರಿಬೊಮ್ಮನಹಳ್ಳಿಯ ಸೋದರತ್ತೆ ಎರಡನೆಯ ಜಾತಿ. ಆಕೆ ಪಡಸಾಲೆಯಲ್ಲಿ ಕೂತು ಸಾರಿನ ಬಗ್ಗೆ ಒಂದು ಮಾತು ಬಿಟ್ಟರೆ ಅಡುಗೆಮನೆಯಲ್ಲಿದ್ದ ಅವ್ವ ಅಲ್ಲೇ ಸುಟ್ಟು ಬೂದಿಯಾಗುತ್ತಿದ್ದಳು.

ನಾನು ಆರಿಸಿಕೊಂಡದ್ದು ಅತ್ತೆಯ ಜಾತಿಯದನ್ನೇ. ಹಳದಿ ಬಣ್ಣ, ಕಡ್ಡಿಯಂಥ ಕಾಲು, ಮಿಂಚಿನ ವೇಗ. ಎದುರಿನವರು ಕಣ್ಣು ಮಿಟುಕಿಸುವುದರೊಳಗೆ ಸಿಡಿಲು ಬಿಡುತ್ತಿತ್ತು. ಅದರ ಒಂದೇ ಐಬು ಎಂದರೆ ತಾನು ಒಂದು ಹೊಡೆತ ತಿಂದರೆ ಅಂಗಾತ ಬೀಳುತ್ತಿತ್ತು. ನಾನಿದನ್ನು ಸಂಜೆ ಊರಿಗೆ ಹೋಗುವ ಬಸ್ಸಿನ ನೆನಪಿಗೆ ನಾನ್‌ಸ್ಟಾಪ್ ಎಂದು ಕರೆದೆ. ಗಿರಿಜಾ ಆರಿಸಿದ್ದು ಕೆಸರು ಬಣ್ಣದ, ಬೆಟ್ಟದಂಥ, ಏನು ಹೊಡೆದರೂ ತಿಂದು ಅರಗಿಸಿಕೊಳ್ಳುವ ಒಂದು ಪ್ರಾಣಿ. ತನ್ನ ತವರಿನ ಎಮ್ಮೆಯ ಹೆಸರನ್ನೇ ಅದಕ್ಕಿಟ್ಟಳು, ಗೌರಿ. ಗೌರಿ ಮೊದಲು ಸುಮ್ಮನೆ ನಿಂತು ಹೊಡೆಸಿಕೊಳ್ಳುವುದು, ಆಮೇಲೆ ಮೆಲುಕು ಹಾಕಿ ಚೇತರಿಸಿಕೊಳ್ಳುವುದು, ಕೊನೆಗೆ ಬಂದು ಒಂದೇ ಸಲ ಹಾಯುವುದು. ಹೊತ್ತು ಸಿಕ್ಕರೆ ಗೌರಿಯನ್ನು ಸೋಲಿಸಲು ಯಾರಿಂದಲೂ ಆಗುತ್ತಿರಲಿಲ್ಲ.

ಆದರೆ ಹೊತ್ತು ಸಿಗಬೇಕಲ್ಲ. ಬೇರೆ ಊರುಗಳಲ್ಲಿ ಈ ಆಟವನ್ನು ಇಬ್ಬರು ಆಡುತ್ತಿದ್ದರೇನೋ. ನಮ್ಮಲ್ಲಿ ಲೈನ್‌ಮನ್ ಮೂರನೆಯ ಆಟಗಾರ. ಮಧ್ಯಾಹ್ನ ಸಾಹುಕಾರರು ಊಟಕ್ಕೆ ಹೋಗುವುದಕ್ಕೂ ಕರೆಂಟ್ ಹೋಗುವುದಕ್ಕೂ ನಡುವೆ ಒಂದಿಷ್ಟು ಸಂದು. ಅಷ್ಟರಲ್ಲೇ ಕಾಳಗ ಮುಗಿಯಬೇಕು. ಕರೆಂಟ್ ಹೋದರೆ ಯು.ಪಿ.ಎಸ್. ಕೀಂವ್ ಕೀಂವ್ ಎಂದು ಅಳಲು ಶುರುಮಾಡಿ, ನಾವು ಅದನ್ನು ಸಮಾಧಾನ ಮಾಡುವುದರೊಳಗೆ ಪ್ರಾಣ ಬಿಡುತ್ತಿತ್ತು. ಹಾಗಾಗಿ ನಮ್ಮದೇ ಒಂದು ಕಾನೂನು ಹುಟ್ಟಿಕೊಂಡಿತು. ಕರೆಂಟ್ ಹೋದ ಗಳಿಗೆಯಲ್ಲಿ ಯಾರ ಪ್ರಾಣಿಗೆ ಜೀವ ಹೆಚ್ಚು ಉಳಿದಿದೆಯೋ ಅವರು ಗೆದ್ದಂತೆ. ಈ ಕಾನೂನಿನಲ್ಲಿ ಮೊದಲು ಹೊಡೆದವನೇ ಸರದಾರ. ಗೌರಿ ಮೆಲುಕು ಹಾಕಲು ಬಾಯಿ ತೆರೆಯುವ ಹೊತ್ತಿಗೆ ಕತ್ತಲಾಗುತ್ತಿತ್ತು. "ನಿಂದು ಆಟ ಅಲ್ಲಲೇ ಕೊಟ್ರ್ಯಾ, ಲೈನ್‌ಮನ್ ದಯಾ" ಎಂದು ರಫಿ ಹಂಗಿಸುತ್ತಿದ್ದ. ನನಗೆ ಮಾತ್ರ ನಾನು ಹುಟ್ಟಾ ವೀರನೆಂದೇ ನಂಬಿಕೆ.

ಗೆದ್ದವರು ಕೇಳಿದ್ದನ್ನು ಸೋತವರು ಕೊಡಬೇಕೆಂದು ಇನ್ನೊಂದು ಕಟ್ಟಳೆ. ನಾನು ಯಾವಾಗಲೂ ಎದುರಿನ ಹೋಟೆಲಿನ ಮಂಡಕ್ಕಿ ಮಿರ್ಚಿ ಕೇಳುತ್ತಿದ್ದೆ. ಸೋತಾಗಲೆಲ್ಲ ಗಿರಿಜಾ, "ಇನ್ನೊಂದಾಟ ಆಡೋಣ್ರಿ" ಎಂದು ಕೇಳುತ್ತಿದ್ದಳು. ಮಿರ್ಚಿ ಆರಿಹೋಗುತ್ತದೆಂಬ ಸಂಕಟಕ್ಕೆ ನಾನೇ ಒಂದು ರೂಲ್ ಮಾಡಿದೆ, ಸೋತವರು ಏನೂ ಕೇಳುವಂತಿಲ್ಲ. ಅವಳು ಹುಬ್ಬು ಏರಿಸಿ, "ಆತು ಬಿಡ್ರಿ" ಎಂದು ಮಿರ್ಚಿ ತರಲು ಎದ್ದಳು. ಇನ್ನೊಂದು ಸಂಗತಿ ಹೇಳಲೇಬೇಕು. ನಮ್ಮ ಕಡೆ ಹೆಣ್ಣುಮಕ್ಕಳು ಪರಿಚಯದ ಗಂಡಸರಿಗೆಲ್ಲ ಅಣ್ಣ ಹಚ್ಚಿ ಕರೆಯುತ್ತಾರೆ. ರಫಿ ರಫಿಯಣ್ಣ, ಹೋಟೆಲಿನವನು ಸಿದ್ದಣ್ಣ, ಅಂಚೆ ತರುತ್ತಿದ್ದವನೂ ಅಣ್ಣನೇ. ನನಗೆ ಮಾತ್ರ ಬರಿಯ "ಕೊಟ್ರೇಶ್ರ". ಅಂಚೆಯವನಿಗಿರುವ ಮರ್ಯಾದೆ ನನಗಿಲ್ಲವಲ್ಲ ಎಂದು ನಾನು ಆಗ ಒಳಗೊಳಗೇ ನೊಂದುಕೊಂಡಿದ್ದೆ. ಇಷ್ಟು ಬುದ್ಧಿಯವನು ನಾನು.

ಹಾಗೆಂದು ನನ್ನೊಳಗೆ ಏನೂ ಇರಲಿಲ್ಲ ಎಂದಲ್ಲ. ಅವಳು ಬಾರದ ದಿನ ಲಗ್ನಪತ್ರಿಕೆಗಳಲ್ಲಿ ನಾನು ವರನ ಅಜ್ಜನನ್ನು ವಧುವಿನ ಕಡೆಗೆ ಸೇರಿಸಿಬಿಡುತ್ತಿದ್ದೆ. ಭಾನುವಾರ ಬಂತೆಂದರೆ ಕೊಟ್ಟೂರು ಬಿಕೋ ಎನ್ನುತ್ತಿತ್ತು. ಅವಳಿಗೆ ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಪೂರ್ತಿ ಸಿದ್ಧ ಮಾಡಿಕೊಂಡು ಬಂದು, ಆ ಹಣೆ ಕಂಡ ಕೂಡಲೇ "ಪ್ರಿಂಟರ್‌ನ್ಯಾಗ ಹಾಳಿ ಅದಾವೇನ್ರಿ?" ಎನ್ನುತ್ತಿದ್ದೆ. ನನ್ನ ಪ್ರಾಣಿಯ ಚುರುಕಿನಲ್ಲಿ ಒಂದು ಚೂರು ನನಗೆ ಬಂದಿದ್ದರೆ ಸಾಕಿತ್ತು.

ಒಂದು ದಿನ ಅವಳಿಗೆ ಹಡಗಲಿ ತಾಲ್ಲೂಕಿನ ಒಂದು ಶಾಲೆಗೆ ನೇಮಕವಾದ ಸುದ್ದಿ ಬಂತು. ಸಾಹುಕಾರರು ಪೇಡೆ ತರಿಸಿದರು. ಹೊರಡುವ ಹಿಂದಿನ ದಿನ ಮಧ್ಯಾಹ್ನ ಮಳಿಗೆಯಲ್ಲಿ ನಾವಿಬ್ಬರು, ಮೂಲೆಯಲ್ಲಿ ಪ್ರಿಂಟರ್ ಬಿಚ್ಚಿ ಕೂತಿದ್ದ ರಫಿ. ಗಿರಿಜಾ ಅವತ್ತು ಮಾನಿಟರಿನ ಪಕ್ಕಕ್ಕೆ ಬಾಗಿ, ಪೂರ್ತಿ ಮುಖ ತೋರಿಸಿ ಮಾತಾಡಿದಳು.

"ಕೊಟ್ರೇಶ್ರ, ಕಡೀದು ಒಂದಾಟ ಆಡೋಣ್ರಿ. ನಾ ಗೆದ್ದರ ನಿಮಗ ಒಂದು ಮಾತು ಕೇಳ್ತೀನಿ. ಖರೇ ಹೇಳಬೇಕು."

"ನಾ ಗೆದ್ದರ?"

"ನೀವು ಗೆದ್ದರ ನಿಮಗ ಏನು ಬೇಕೋ ಅದನ್ನ ಕೇಳ್ರಿ." ಆಮೇಲೆ ಮೆಲ್ಲಗೆ, "ಮಕ್ಕಳ ಪರೀಕ್ಷಿ ನಡದಾವ, ಇವತ್ತು ಕರೆಂಟ್ ಹೋಗಂಗಿಲ್ರಿ. ಅವಸರ ಮಾಡಬ್ಯಾಡ್ರಿ" ಎಂದಳು.

ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ಬೀಜದ ಚೀಲಗಳಿಗೂ ಅರ್ಥವಾಗಿರಬೇಕು. ಆದರೆ ನನ್ನ ಬೆರಳುಗಳಿಗೆ ಒಂದೇ ವಿದ್ಯೆ ಗೊತ್ತಿದ್ದದ್ದು. ಆ ವಾರವೆಲ್ಲ ನಾನು ನಾನ್‌ಸ್ಟಾಪ್‌ಗೆ ಗೌರಿಯ ಜಾತಿಗೆ ಆಗದ ಒಂದು ಹೊಸ ಅಸ್ತ್ರ ಕಲಿಸಿ ಗುಟ್ಟಾಗಿ ಇಟ್ಟುಕೊಂಡಿದ್ದೆ. ಮೊದಲ ಸರತಿಯಲ್ಲೇ ಬಿಟ್ಟೆ. ಗೌರಿಯ ಅರ್ಧ ಜೀವ ಹೋಯಿತು. ಎರಡನೆಯ ಸರತಿಗೆ ಅವಳು ಅಪ್ಪಣೆ ಕೊಡಲು ತಡಮಾಡಿದಳು. ಮಾನಿಟರಿನ ಮೇಲೆ ಆ ಎರಡು ಹುಬ್ಬುಗಳು ನನ್ನನ್ನೇ ನೋಡುತ್ತಿದ್ದವು. ನಾನು ಒಂದು ಸರತಿ ಸುಮ್ಮನಿದ್ದಿದ್ದರೆ ಸಾಕಿತ್ತು, ಗೌರಿ ಮೆಲುಕು ಹಾಕಿ, ಎದ್ದು ಬಂದು ನನ್ನನ್ನು ಹಾಯುತ್ತಿತ್ತು. ಕರೆಂಟ್ ಇನ್ನೇನು ಹೋಗಿಯೇಬಿಡುತ್ತದೆ ಎನ್ನುವವನಂತೆ ನಾನು ಗುಂಡಿ ಒತ್ತಿದೆ. ಗೌರಿ ಬಿತ್ತು. ತಲೆಯ ಮೇಲೆ ಫ್ಯಾನು ತಣ್ಣಗೆ ತಿರುಗುತ್ತಲೇ ಇತ್ತು.

"ಗೆದ್ರಲ್ರಿ. ಏನು ಬೇಕು, ಕೇಳ್ರಿ" ಎಂದಳು ಗಿರಿಜಾ.

ನನಗೆ ಏನು ಬೇಕಿತ್ತೆಂದು ನನಗೆ ಗೊತ್ತಿತ್ತು. ಅದು ಗಂಟಲ ತನಕ ಬಂದೂ ಬಂತು. ಹೊರಗೆ ಬರುವಾಗ, "ಮಂಡಕ್ಕಿ ಮಿರ್ಚಿ" ಎಂದಾಯಿತು.

ಅವಳು ಎದ್ದು ಹೋಗಿ ತಂದುಕೊಟ್ಟಳು. ಮಿರ್ಚಿ ಬಿಸಿಯಾಗಿತ್ತು. ಅವಳು ತಿನ್ನಲಿಲ್ಲ. ಮೂಲೆಯಿಂದ ರಫಿ ಸ್ಕ್ರೂಡ್ರೈವರ್ ಕೆಳಗಿಟ್ಟು, "ಹುಚ್ಚ ಅದೀಯಲೇ ನೀನು" ಎಂದ. ಪ್ರಿಂಟರಿಗೆ ಅಂದನೆಂದು ತಿಳಿದೆ.

ಸಂಜೆ ಬಸ್ಸಿನಲ್ಲಿ, ಊರು ದಾಟಿದ ಮೇಲೆ, ನನಗೆ ಸೋಲಬಹುದಿತ್ತೆಂಬುದು ಹೊಳೆಯಿತು. ಎದ್ದು ನಿಂತು, ಇಳಿಯಬೇಕು ಎಂದು ಕೂಗಿದೆ. "ನಾನ್‌ಸ್ಟಾಪ್ ಹತ್ತಿ ನಿಲ್ಲಸ್ರಿ ಅಂದ್ರ ಹೆಂಗ? ಕುಂದರ್ರಿ ಸುಮ್ನ" ಎಂದ ಕಂಡಕ್ಟರ್. ಕೂತೆ. ಮರುದಿನ ನಾನು ಮಳಿಗೆಗೆ ಬರುವ ಹೊತ್ತಿಗೆ ಅವಳು ಬೆಳಗಿನ ಬಸ್ಸಿಗೆ ಹೋಗಿಯಾಗಿತ್ತು. ಎದುರಿನ ಮಾನಿಟರಿನ ಮೇಲೆ ಬರಿಯ ಗೋಡೆ ಕಾಣುತ್ತಿತ್ತು. ಎಷ್ಟೋ ದಿನ ನಾನು ಆ ಗೋಡೆಯನ್ನು ನೋಡುತ್ತಾ ಕೂತೆ. ಒಂದು ಭಾನುವಾರ ಮನೆಯಲ್ಲಿ ಏನೋ ಸುಳ್ಳು ಹೇಳಿ ಮಾಗಳಕ್ಕೂ ಹೋದೆ. ಅವರ ಮನೆ ಯಾವುದೆಂದು ಯಾರನ್ನಾದರೂ ಕೇಳಬೇಕಿತ್ತು. ಹೊಳೆ ಎಲ್ಲಿದೆ ಎಂದು ಕೇಳಿದೆ. ಯಾರೋ ತೋರಿಸಿದರು, ನೋಡಿಕೊಂಡು ಬಂದೆ. ನೀರು ಚೆನ್ನಾಗಿತ್ತು.

ಆಮೇಲೆ ನನಗೂ ಮದುವೆಯಾಯಿತು, ಕೊಟ್ಟೂರಿನಲ್ಲೇ ಸ್ವಂತ ಜೆರಾಕ್ಸ್ ಅಂಗಡಿಯಾಯಿತು. ಹೋದ ವರ್ಷ ಹಡಗಲಿಯ ಬಸ್ ನಿಲ್ದಾಣದಲ್ಲಿ ಆ ಹಣೆ ಕಂಡಿತು. ಜೊತೆಗೆ ಒಂದು ಪುಟ್ಟ ಹುಡುಗಿ. ಗಂಡ ಬಸ್ಸು ವಿಚಾರಿಸಲು ಹೋಗಿದ್ದರಂತೆ. ನಡುವೆ ಮಾನಿಟರ್ ಇಲ್ಲದೆ ಎಲ್ಲಿ ನೋಡಬೇಕೆಂದು ನನಗೆ ತಿಳಿಯಲಿಲ್ಲ.

"ನಾನ್‌ಸ್ಟಾಪ್ ಹೆಂಗೈತ್ರಿ?" ಎಂದಳು ನಗುತ್ತಾ.

"ಅರಾಮ್ ಐತ್ರಿ. ಗೌರಿ?"

"ಮನ್ಯಾಗಿನ ಗೌರಿ ಹೋತ್ರಿ. ಅದರ ಕರು ಈಗ ಹಾಲು ಕೊಡಾಕತ್ತೈತಿ."

ಇಷ್ಟಾದ ಮೇಲೆ ನಾನು ಜೀವಮಾನದ ಧೈರ್ಯವನ್ನೆಲ್ಲ ಒಟ್ಟುಮಾಡಿ ಕೇಳಿದೆ. "ಅವತ್ತು ನೀವು ಗೆದ್ದಿದ್ರ ಏನು ಕೇಳೋರಿದ್ರಿ?"

ಅವಳು ಹುಬ್ಬು ಏರಿಸಿದಳು. "ಸೋತೋರು ಏನೂ ಕೇಳಂಗಿಲ್ಲಂತ ರೂಲ್ ಮಾಡಿದೋರು ನೀವ ಅಲ್ರಿ?" ಎಂದಳು. ಆಮೇಲೆ, "ಗೆದ್ದೋರು ಕೇಳಬೌದಿತ್ತು. ಏನು ಬೇಕಾದ್ರೂ ಕೇಳಬೌದಿತ್ತು. ನೀವು ಮಿರ್ಚಿ ಕೇಳಿದ್ರಿ" ಎಂದಳು. ಸಿಟ್ಟಿನಿಂದಲ್ಲ. ಸಿಟ್ಟಿನಿಂದ ಅಂದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಬಸ್ಸು ಬಂತು. ಹುಡುಗಿ ಅವಳ ಸೆರಗು ಜಗ್ಗಿ, ಯಾರವ್ವಾ ಇವರು ಎಂದಿತು. "ಕೊಟ್ರೇಶ ಮಾಮ. ಮಾಮಗ ನಮಸ್ಕಾರ ಮಾಡು" ಎಂದಳು ಗಿರಿಜಾ. ತಾಯಿಯ ಅಣ್ಣನನ್ನು ಮಕ್ಕಳು ಮಾಮ ಎನ್ನುತ್ತವೆ. ಅಂಚೆಯವನಿಗೆ ಅಂದೇ ಸಿಕ್ಕಿದ್ದ ಮರ್ಯಾದೆ ಅಂತೂ ನನಗೂ ದೊರೆಯಿತು.

ಅಂದಿನಿಂದ ನಾನು ಸೋಲುತ್ತಿದ್ದೇನೆ. ಗೌರಿಯಂಥ ಒಂದು ನಿಧಾನದ ಪ್ರಾಣಿಯನ್ನು ಎದುರಿಗೆ ಇರಿಸಿಕೊಂಡು, ನಾನ್‌ಸ್ಟಾಪ್ ಅನ್ನು ನಿಲ್ಲಿಸಿ, ಒಂದು ಸರತಿ ಸುಮ್ಮನಿರುತ್ತೇನೆ. ಕಂಪ್ಯೂಟರ್ ನಿಧಾನವಾಗಿ ನನ್ನನ್ನು ಸೋಲಿಸುತ್ತದೆ. ಸೋತ ಮೇಲೆ ಸ್ವಲ್ಪ ಹೊತ್ತು ಕಾಯುತ್ತೇನೆ. ಅದು ಗೆದ್ದರೂ ಏನನ್ನೂ ಕೇಳುವುದಿಲ್ಲ.

ನಿನ್ನೆ ಹೀಗೇ ಕಾಯುತ್ತಾ ಕೂತಿದ್ದಾಗ ಒಳಗಿನಿಂದ ಹೆಂಡತಿ, "ಸೋತಿದ್ದು ಆತೇನ್ರಿ? ಚಾಕ್ಕ ಮಿರ್ಚಿ ಮಾಡ್ಲೇನು?" ಎಂದಳು. ನನಗೆ ಮಿರ್ಚಿ ಬೇಡ ಎಂದೆ, ದನಿ ಯಾಕೋ ಸ್ವಲ್ಪ ದೊಡ್ಡದಾಯಿತು. ಅವಳು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, ನನ್ನ ಮುಖವನ್ನೇ ನೋಡಿದಳು. ಆಮೇಲೆ, ಅವಳ ಕಡೆಯವರ ಬಾಯಲ್ಲಿ ನಾನು ಅಪರೂಪಕ್ಕೆ ಕೇಳಿದ ಮೆತ್ತನೆಯ ದನಿಯಲ್ಲಿ, "ಮತ್ತೇನು ಬೇಕು? ಬಾಯಿಬಿಟ್ಟು ಕೇಳ್ರಿ" ಎಂದಳು.

ಫ್ಯಾನು ತಿರುಗುತ್ತಿತ್ತು. ಕರೆಂಟ್ ಹೋಗುವ ಸೂಚನೆಯೇನೂ ಇರಲಿಲ್ಲ. ನಾನು ಯೋಚಿಸಿ ನೋಡಿ, ಮಿರ್ಚಿನೇ ಮಾಡು ಎಂದೆ.